ಹೆಗಲಿನ ಸ್ನಾಯುರಜ್ಜುವಿಗೆ ವಿಡಿಯೊ ಮಾರ್ಗದರ್ಶನದ ವ್ಯಾಯಾಮ

ಕರಿಹಲಗೆಯ ಮೇಲ್ತುದಿಯಲ್ಲಿ ಇಂದಿನ ದಿನಾಂಕವನ್ನು ಬರೆಯಿರಿ. ಎಷ್ಟು ಸುಲಭದ ಕೆಲಸ! ಆದರೆ ಹೆಗಲು ಹಿಡಿದುಕೊಂಡ ಶಿಕ್ಷಕರೊಬ್ಬರನ್ನು ಕೇಳಿ ನೋಡಿ. ಕೈ ಎದೆಯ ಮಟ್ಟದವರೆಗೆ ತೊಂದರೆಯಿಲ್ಲದೆ ಏಳುತ್ತದೆ, ಅಲ್ಲಿಂದ ಮುಂದೆ ಚಳುಕು ಹೊಡೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಅಂಗಿ ತೊಡುವುದು, ತಲೆ ಬಾಚುವುದು, ಅಟ್ಟದಿಂದ ಡಬ್ಬಿ ಇಳಿಸುವುದು ಎಲ್ಲವೂ ಕಷ್ಟ.

ಈ ತೊಂದರೆ ಶಿಕ್ಷಕರಿಗಷ್ಟೇ ಸೀಮಿತವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿಜಯಪುರದ ಉದಾಹರಣೆ ತೆಗೆದುಕೊಳ್ಳೋಣ. ಇದು 2014ರಲ್ಲಿ ವಿಜಯಪುರವೆಂದು ಹೆಸರು ಬದಲಿಸಿಕೊಂಡ ಬಿಜಾಪುರವಲ್ಲ. ದೇವನಹಳ್ಳಿ ತಾಲ್ಲೂಕಿನ, ಹಿಂದೆ ವಡಿಗೇನಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ಊರು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದದ್ದು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕಣೆಯ ಮನೆ, ದ್ರಾಕ್ಷಿಯ ಚಪ್ಪರ. ಈ ಎರಡು ಕಸುಬುಗಳೂ ಹೆಗಲನ್ನು ದುಡಿಸುವಂಥವೇ. ದ್ರಾಕ್ಷಿಯ ಚಪ್ಪರದ ಕೆಳಗೆ ನಿಂತು ಬಳ್ಳಿ ಸವರುವವರು, ಗೊಂಚಲು ಕತ್ತರಿಸುವವರು ಗಂಟೆಗಟ್ಟಲೆ ಕೈಯನ್ನು ತಲೆಯ ಮೇಲೆಯೇ ಇಟ್ಟುಕೊಂಡಿರುತ್ತಾರೆ. ಹುಳು ಸಾಕುವವರು ಅಂತಸ್ತು ಅಂತಸ್ತಾಗಿ ಕಟ್ಟಿದ ಸ್ಟ್ಯಾಂಡಿನ ಮೇಲಿನ ಹಂತಕ್ಕೆ ಸೊಪ್ಪು ಏರಿಸಬೇಕು, ಹುಳು ಹಣ್ಣಾದಾಗ ಚಂದ್ರಿಕೆಗಳನ್ನು ಎತ್ತಿ ನಿಲ್ಲಿಸಬೇಕು.

ಇಂಥವರಿಗೆ ಹೆಗಲು ನೋವು ಬಂದರೆ ಏನು ಮಾಡುತ್ತಾರೆ? ಮೊದಲು ಎಣ್ಣೆ ಸವರುತ್ತಾರೆ, ನಂತರ ನೋವಿನ ಮಾತ್ರೆ ನುಂಗುತ್ತಾರೆ. ಅದೂ ಆಗದಿದ್ದಾಗ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಲ್ಲಿ ‘ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬನ್ನಿ’ ಎಂದರೆ, ಮೂರು ದಿನದ ಕೂಲಿ ಹೋಯಿತೆಂದೇ ಅರ್ಥ. ಎರಡನೆಯ ವಾರಕ್ಕೆ ಹೋಗುವುದು ನಿಲ್ಲುತ್ತದೆ. ಹಾಗಾದರೆ ವ್ಯಾಯಾಮವನ್ನು ಮನೆಯಲ್ಲೇ, ಮೊಬೈಲಿನ ವಿಡಿಯೊ ನೋಡಿಕೊಂಡು ಮಾಡಬಹುದೆ? ಮಾಡಿದರೆ ಫಲ ಸಿಕ್ಕೀತೆ? ಈ ಪ್ರಶ್ನೆಗೆ ವಿಜ್ಞಾನ ಈಗ ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಅದನ್ನು ತಿಳಿಯಲು ಮೊದಲು ಹೆಗಲಿನ ರಚನೆಯನ್ನು ನೋಡೋಣ.

ಚಮಚದ ಮೇಲಿನ ನಿಂಬೆಹಣ್ಣು

ಶಾಲೆಯ ಕ್ರೀಡಾಕೂಟದಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟು ಓಡುವ ಸ್ಪರ್ಧೆಯನ್ನು ನೀವು ನೋಡಿದ್ದೀರಿ. ಹೆಗಲಿನ ಕೀಲು ಹೆಚ್ಚುಕಡಿಮೆ ಹಾಗೆಯೇ ಇದೆ. ತೋಳೆಲುಬಿನ ಗುಂಡು ತುದಿಯೇ ನಿಂಬೆಹಣ್ಣು. ಹೆಗಲೆಲುಬಿನ ಪಕ್ಕದಲ್ಲಿರುವ ಆಳವಿಲ್ಲದ ಗುಳಿಯೇ ಚಮಚ. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ತುದಿ ಆಳವಾದ ಬಟ್ಟಲಿನಲ್ಲಿ ಕುಳಿತಿರುತ್ತದೆ, ಹೆಗಲಿನಲ್ಲಿ ಹಾಗಲ್ಲ. ಯಾವುದೇ ಕ್ಷಣದಲ್ಲಿ ಗುಂಡಿನ ಸುಮಾರು ಕಾಲು ಅಥವಾ ಮೂರನೆಯ ಒಂದು ಭಾಗ ಮಾತ್ರ ಗುಳಿಯನ್ನು ತಾಗಿರುತ್ತದೆ. ಕೈ ಎಲ್ಲ ದಿಕ್ಕಿಗೂ ತಿರುಗಬಲ್ಲದ್ದು ಇದರಿಂದಲೇ. ಕೀಲು ಅಸ್ಥಿರವಾಗಿರುವುದೂ ಇದರಿಂದಲೇ.

ಹಣ್ಣು ಚಮಚದಿಂದ ಜಾರದಂತೆ ನೋಡಿಕೊಳ್ಳುವವು ನಾಲ್ಕು ಸ್ನಾಯುಗಳು: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಇವೆಲ್ಲ ಹೆಗಲೆಲುಬಿನಲ್ಲಿ ಹುಟ್ಟುತ್ತವೆ. ಇವುಗಳ ಸ್ನಾಯುರಜ್ಜುಗಳು ತೋಳೆಲುಬಿನ ಗುಂಡನ್ನು ಮುಂದೆ, ಮೇಲೆ, ಹಿಂದೆ ಅಪ್ಪಿ ಹಿಡಿದು ಅಂಗಿಯ ತೋಳಿನ ಪಟ್ಟಿಯಂತೆ ಸುತ್ತುವರಿಯುತ್ತವೆ. ಆದ್ದರಿಂದಲೇ ಇವುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಅಥವಾ ಆವರ್ತಕ ಪಟ್ಟಿ ಎನ್ನುತ್ತಾರೆ.

ಹೆಗಲಿನ ಹೊರಭಾಗದಲ್ಲಿ ಉಬ್ಬಿಕೊಂಡಿರುವ ದೊಡ್ಡ ಸ್ನಾಯು ಡೆಲ್ಟಾಯಿಡ್. ಕೈ ಎತ್ತುವ ದೊಡ್ಡ ಕೆಲಸ ಅದರದು. ಆದರೆ ಕೈ ಕೆಳಗಿರುವಾಗ ಅದು ತೋಳೆಲುಬನ್ನು ಹೆಚ್ಚಾಗಿ ಮೇಲಕ್ಕೇ ಎಳೆಯುತ್ತದೆ. ಅದೊಂದೇ ಎಳೆದರೆ ಗುಂಡು ಗುಳಿಯಿಂದ ಮೇಲಕ್ಕೆ ಜಾರಿ, ಹೆಗಲೆಲುಬಿನ ಚಾವಣಿಯಂಥ ಚಾಚಿಗೆ ಒತ್ತಿಕೊಳ್ಳುತ್ತದೆ. ಆವರ್ತಕ ಪಟ್ಟಿ ಅದೇ ಹೊತ್ತಿನಲ್ಲಿ ಗುಂಡನ್ನು ಒಳಕ್ಕೂ ಕೆಳಕ್ಕೂ ಎಳೆದು ಗುಳಿಯಲ್ಲಿ ಕೂರಿಸುತ್ತದೆ. ಎರಡೂ ಹೊಂದಿಕೊಂಡು ಎಳೆದಾಗ ಗುಂಡು ಜಾರುವ ಬದಲು ತಿರುಗುತ್ತದೆ. ಇದರ ಜೊತೆಗೆ ಹೆಗಲೆಲುಬು ಕೂಡ ಬೆನ್ನಿನ ಮೇಲೆ ಸರಿದು ತಿರುಗುತ್ತದೆ. ಕೈಯನ್ನು ಪೂರ್ತಿ 180° ಎತ್ತಿದಾಗ ಅದರಲ್ಲಿ ಸುಮಾರು 120° ಕೀಲಿನ ಪಾಲು, ಉಳಿದ 60° ಹೆಗಲೆಲುಬಿನ ಪಾಲು.

ಮೂರು ಕಿಲೋ ಕೈ, ಮೂವತ್ತು ಕಿಲೋ ಎಳೆತ

ಭೌತವಿಜ್ಞಾನದ ಪಾಠಕ್ಕೆ ಹೆಗಲು ಒಳ್ಳೆಯ ಉದಾಹರಣೆ. 60 ಕಿ.ಗ್ರಾಂ. ತೂಕದ ವ್ಯಕ್ತಿಯ ಒಂದು ಕೈ ಸುಮಾರು 3 ಕಿ.ಗ್ರಾಂ. ತೂಗುತ್ತದೆ. ಕೈಯನ್ನು ಪಕ್ಕಕ್ಕೆ ನೆಲಕ್ಕೆ ಸಮಾಂತರವಾಗಿ ಚಾಚಿದಾಗ ಅದರ ಗುರುತ್ವಕೇಂದ್ರ ಕೀಲಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿರುತ್ತದೆ. ಆಗ ಕೈಯನ್ನು ಕೆಳಕ್ಕೆ ತಿರುಗಿಸುವ ತಿರುಗುಬಲ:

3 × 9.8 × 0.3 = ಸುಮಾರು 8.8 ನ್ಯೂಟನ್-ಮೀಟರ್

ಇದನ್ನು ತಡೆದು ಹಿಡಿಯುವ ಸ್ನಾಯುಗಳಾದರೋ ಕೀಲಿನ ಕೇಂದ್ರದಿಂದ ಕೇವಲ 3 ಸೆಂ.ಮೀ. ಆಸುಪಾಸಿನಲ್ಲಿ ಎಳೆಯುತ್ತವೆ. ಆದ್ದರಿಂದ ಅವು ಸುಮಾರು 8.8 ÷ 0.03, ಎಂದರೆ 290 ನ್ಯೂಟನ್‌ಗೂ ಹೆಚ್ಚಿನ ಬಲ ಹಾಕಬೇಕು. ಅದು 30 ಕಿ.ಗ್ರಾಂ. ಮೂಟೆಯ ಭಾರ! ಕೈಯಲ್ಲಿ ಒಂದು ಲೀಟರ್ ನೀರಿನ ಸೀಸೆ ಹಿಡಿದರೆ, ಅದು ಕೀಲಿನಿಂದ 60 ಸೆಂ.ಮೀ. ದೂರದಲ್ಲಿರುವುದರಿಂದ, ಬೇಕಾಗುವ ಎಳೆತ 50 ಕಿ.ಗ್ರಾಂ. ಭಾರದಷ್ಟಾಗುತ್ತದೆ. ಮೊಣಕೈ ಮಡಿಸಿ ಸೀಸೆಯನ್ನು ಹತ್ತಿರ ತಂದರೆ ಭಾರ ತಕ್ಷಣ ಇಳಿಯುತ್ತದೆ. ಈ ಒಂದು ಲೆಕ್ಕ ತಿಳಿದರೆ, ವ್ಯಾಯಾಮಗಳಲ್ಲಿ ಮೊದಲು ಮೊಣಕೈ ಮಡಿಸಿ ಆಮೇಲೆ ಚಾಚುವುದೇಕೆ ಎಂಬುದು ಹೇಳದೆಯೇ ಅರ್ಥವಾಗುತ್ತದೆ.

ಚಪ್ಪರದ ಕೆಲಸಗಾರರ ಕೈ ಸಮಾಂತರಕ್ಕಿಂತ ಮೇಲಿರುತ್ತದೆ. ತೂಗುಬಿಟ್ಟ ಸ್ಥಿತಿಯಿಂದ 135° ಎತ್ತಿದ ಕೈಯಲ್ಲಿ ಗುರುತ್ವದ ತಿರುಗುಬಲ ಗರಿಷ್ಠದ ಸುಮಾರು 70 ಭಾಗಕ್ಕೆ ಇಳಿದಿರುತ್ತದೆ. ಆದರೆ ಅದು ಒಂದೆರಡು ನಿಮಿಷದ್ದಲ್ಲ, ಇಡೀ ಬೆಳಗಿನದು. ಬಿಡುವಿಲ್ಲದೆ ಹಿಡಿದಿಟ್ಟ ಸ್ನಾಯು ದಣಿಯುತ್ತದೆ, ದಣಿದ ಪಟ್ಟಿ ಗುಂಡನ್ನು ಗುಳಿಯಲ್ಲಿ ಸರಿಯಾಗಿ ಹಿಡಿಯಲಾರದು.

ಸ್ನಾಯುರಜ್ಜುವಿನ ಲೆಕ್ಕಾಚಾರ

ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯೇ ಸ್ನಾಯುರಜ್ಜು. ರೇಷ್ಮೆ ನೂಲಿನಂತೆ ಇದೂ ಪ್ರೋಟೀನಿನ ಎಳೆ. ರೇಷ್ಮೆಯಲ್ಲಿ ಫೈಬ್ರೋಯಿನ್, ಇಲ್ಲಿ ಕೊಲಾಜೆನ್. ಮೂರು ಸರಪಳಿ ಹೊಸೆದು ಒಂದು ಕೊಲಾಜೆನ್ ಅಣು. ಅಣುಗಳು ಸೇರಿ ತಂತು, ತಂತುಗಳು ಸೇರಿ ಎಳೆ, ಎಳೆಗಳು ಸೇರಿ ಕಟ್ಟು. ಆದರೆ ರೇಷ್ಮೆ ನೂಲಿಗೂ ಇದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಸ್ನಾಯುರಜ್ಜುವಿನ ಎಳೆಗಳ ನಡುವೆ ಜೀವಕೋಶಗಳಿವೆ. ಎಳೆ ಹಿಗ್ಗಿದಾಗ ಆ ಕೋಶಗಳಿಗೆ ಅದು ಗೊತ್ತಾಗುತ್ತದೆ, ಅವು ಹೊಸ ಕೊಲಾಜೆನ್ ತಯಾರಿಸುತ್ತವೆ. ಹದವಾದ ಭಾರವೇ ಸ್ನಾಯುರಜ್ಜುವಿನ ಆಹಾರ ಎನ್ನಬಹುದು.

ಇಲ್ಲಿ ಕಾಲದ ಲೆಕ್ಕವೂ ಇದೆ. ಜೋರಾದ ವ್ಯಾಯಾಮದ ನಂತರ ಮೊದಲ ಒಂದು ದಿನ ಕೊಲಾಜೆನ್ ಸವೆಯುವುದೇ ಹೆಚ್ಚು, ಕಟ್ಟುವುದು ಕಡಿಮೆ. ಆಮೇಲೆ ಎರಡು ಮೂರು ದಿನ ಕಟ್ಟುವಿಕೆ ಮೇಲುಗೈ ಪಡೆಯುತ್ತದೆ. ಬಿಡುವು ಕೊಡದೆ ಮತ್ತೆ ಮತ್ತೆ ಎಳೆದರೆ ಸವೆತವೇ ಉಳಿಯುತ್ತದೆ. ಹುಳು ಸಾಕುವವರ ಕೆಲಸವನ್ನು ಈ ಬೆಳಕಿನಲ್ಲಿ ನೋಡಿ. ನಾಲ್ಕನೆಯ ಜ್ವರ ಎದ್ದ ಹುಳು, ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ 80ರಿಂದ 85 ಭಾಗವನ್ನು ಉಳಿದ ಸುಮಾರು ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಎಂದರೆ, ಸೊಪ್ಪು ಏರಿಸುವ ಹೆಗಲಿನ ಕೆಲಸವೂ ಮೂರು ವಾರ ಹಗುರವಾಗಿದ್ದು ಕೊನೆಯ ವಾರ ಹಲವು ಪಟ್ಟಾಗುತ್ತದೆ. ಸ್ನಾಯುರಜ್ಜುವಿಗೆ ಆಗದೆ ಇರುವುದು ಇಂಥ ಹಠಾತ್ ಏರಿಕೆಯೇ. ಆಟಗಾರರಲ್ಲಿ ಕಂಡುಬರುವ ಗಾಯವೂ ಹೆಚ್ಚಾಗಿ ಹೀಗೆಯೇ ಆಗುವುದು.

ವಯಸ್ಸಿನ ಪಾತ್ರವೂ ಇದೆ. 2013ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಒಂದು ಸ್ವಾರಸ್ಯಕರ ಅಧ್ಯಯನ ಪ್ರಕಟಿಸಿದರು. 1955–63ರ ನಡುವಿನ ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಏರಿತ್ತಷ್ಟೆ. ಆ ಏರಿಳಿತದ ಗುರುತನ್ನು ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಹುಡುಕಿದಾಗ, ಅದರ ತಿರುಳು ಸುಮಾರು 17 ವರ್ಷ ವಯಸ್ಸಿನೊಳಗೆ ರೂಪುಗೊಂಡು ಮತ್ತೆ ಹೆಚ್ಚೇನೂ ಹೊಸದಾಗುವುದಿಲ್ಲವೆಂದು ಕಂಡುಬಂತು. ಹಳೆಯ ಹುರಿಯ ಮೇಲೆಯೇ ನಮ್ಮ ಜೀವಮಾನದ ದುಡಿಮೆ! ಹೀಗಾಗಿ ವಯಸ್ಸಾದಂತೆ ಹೆಗಲಿನ ಪಟ್ಟಿಯಲ್ಲೂ ಸವೆತ, ಹರಿತ ಸಾಮಾನ್ಯ. 1995ರಲ್ಲಿ ಅಮೆರಿಕದಲ್ಲಿ, ಹೆಗಲು ನೋವೇ ಇಲ್ಲದ 96 ಜನರ ಎಂ.ಆರ್.ಐ. ತೆಗೆದು ನೋಡಿದಾಗ, 60 ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಪಟ್ಟಿಯಲ್ಲಿ ಹರಿತವಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಸ್ಕ್ಯಾನ್ ವರದಿಯಲ್ಲಿ ‘ಹರಿದಿದೆ’ ಎಂದು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದಾಗಲೀ, ಹೊಲಿಯಲೇಬೇಕೆಂದಾಗಲೀ ಅರ್ಥವಲ್ಲ.

ಚಾಕು ಬೇಕೆ, ವ್ಯಾಯಾಮ ಸಾಕೆ?

ಬಾಸ್ಟನ್ನಿನ ವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಹೆಗಲಿನ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದ. ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗಾಡಿಸುವ ವ್ಯಾಯಾಮ ಇಂದಿಗೂ ಅವನ ಹೆಸರಿನಲ್ಲಿದೆ. 1972ರಲ್ಲಿ ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯ, ಎಲುಬಿನ ಚಾಚು ಸ್ನಾಯುರಜ್ಜುವನ್ನು ಉಜ್ಜುವುದೇ ನೋವಿಗೆ ಕಾರಣ, ಚಾಚಿನ ಅಡಿಭಾಗವನ್ನು ಕೆತ್ತಿದರೆ ನೋವು ಹೋಗುತ್ತದೆ ಎಂದ. ನಂತರದ ದಶಕಗಳಲ್ಲಿ ಈ ಶಸ್ತ್ರಕ್ರಿಯೆ ಲೋಕದಾದ್ಯಂತ ನಡೆಯಿತು.

ಆದರೆ ನಿಜವಾಗಿ ಗುಣ ಕೊಟ್ಟದ್ದು ಕೆತ್ತನೆಯೋ ಅಥವಾ ಅದರ ಜೊತೆಗಿನ ವಿಶ್ರಾಂತಿ, ನಂಬಿಕೆ, ವ್ಯಾಯಾಮಗಳೋ? ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. 313 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ನಿಜವಾದ ಶಸ್ತ್ರಕ್ರಿಯೆ. ಎರಡನೆಯದಕ್ಕೆ ದೂರ್ಬೀನು ಹಾಕಿ ನೋಡಿ, ಏನನ್ನೂ ಕೆತ್ತದೆ ಹೊಲಿದದ್ದು. ಮೂರನೆಯದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶದಂತೆ ಮೊದಲ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಮೂರನೆಯದಕ್ಕಿಂತ ತುಸು ಮೇಲಾಗಿದ್ದರೂ, ರೋಗಿಯ ಬದುಕಿನಲ್ಲಿ ಎದ್ದು ಕಾಣುವಷ್ಟಲ್ಲ.

ವ್ಯಾಯಾಮದ ಕಡೆಯ ಪುರಾವೆ ಹೀಗಿದೆ. ಸ್ವೀಡನ್ನಿನಲ್ಲಿ ಶಸ್ತ್ರಕ್ರಿಯೆಗಾಗಿ ಕಾಯುತ್ತಿದ್ದ ಸುಮಾರು ನೂರು ಜನರ ಮೇಲೆ ನಡೆದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಹೆಗಲಿನ ಪಟ್ಟಿಗೆಂದೇ ರೂಪಿಸಿದ, ಭಾರ ಏರಿಸುತ್ತಾ ಹೋಗುವ ವ್ಯಾಯಾಮ ಮಾಡಿದವರಲ್ಲಿ ಮೂರು ತಿಂಗಳ ನಂತರ ಐವರಲ್ಲಿ ಒಬ್ಬರು ಮಾತ್ರ ಶಸ್ತ್ರಕ್ರಿಯೆ ಬೇಕೆಂದರು. ಸಾಮಾನ್ಯ ಕೈಚಾಲನೆ ಮಾಡಿದವರಲ್ಲಿ ಹೀಗೆ ಕೇಳಿದವರು ಹೆಚ್ಚುಕಡಿಮೆ ಮೂರನೆಯ ಎರಡು ಭಾಗ. 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ಬಿದ್ದು ಪೆಟ್ಟಾಗದೆ ಸವೆದು ಪೂರ್ತಿ ದಪ್ಪಕ್ಕೆ ಹರಿದ ಸ್ನಾಯುರಜ್ಜುವಿನ 452 ರೋಗಿಗಳಿಗೆ ಮೊದಲು ಭೌತಚಿಕಿತ್ಸೆ ಕೊಡಲಾಯಿತು. ಎರಡು ವರ್ಷದಲ್ಲಿ ಶಸ್ತ್ರಕ್ರಿಯೆಗೆ ಹೋದವರು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ.

ಇಲ್ಲಿ ತಪ್ಪು ತಿಳಿಯಬಾರದು. ವ್ಯಾಯಾಮದಿಂದ ಹರಿದದ್ದು ಮತ್ತೆ ಕೂಡಿಕೊಂಡಿತೆಂದು ಅರ್ಥವಲ್ಲ. ಉಳಿದ ಸ್ನಾಯುಗಳು ಬಲಗೊಂಡು ಕೆಲಸ ಹಂಚಿಕೊಂಡವು, ಹೆಗಲೆಲುಬು ಹದವಾಗಿ ತಿರುಗಿತು, ನೋವು ತಗ್ಗಿತು, ಕೈ ಎದ್ದಿತು. ರೋಗಿಗೆ ಬೇಕಾದದ್ದು ಅದೇ ಅಲ್ಲವೆ?

ವಿಡಿಯೊ ಎಷ್ಟರಮಟ್ಟಿಗೆ ಸಾಕು?

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಬ್ರಿಟನ್ನಿನಲ್ಲೇ ನಡೆದ ‘ಗ್ರಾಸ್ಪ್’ ಎಂಬ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಹೆಗಲಿನ ಪಟ್ಟಿಯ ತೊಂದರೆಯಿದ್ದ 708 ಜನ ಅದರಲ್ಲಿದ್ದರು. ಒಂದು ಗುಂಪು ಫಿಸಿಯೋಥೆರಪಿಸ್ಟರನ್ನು ಆರು ಸಲದವರೆಗೆ ಭೇಟಿ ಮಾಡಿ ಹಂತಹಂತವಾದ ವ್ಯಾಯಾಮ ಪಡೆಯಿತು. ಇನ್ನೊಂದು ಗುಂಪಿಗೆ ಒಂದೇ ಭೇಟಿ. ಆ ಭೇಟಿಯಲ್ಲಿ ಪರೀಕ್ಷೆ, ಸಲಹೆ, ಮನೆಯಲ್ಲಿ ಮಾಡಬೇಕಾದ ಸರಳ ವ್ಯಾಯಾಮ. ಜೊತೆಗೆ ಕಿರುಪುಸ್ತಕ ಮತ್ತು ವ್ಯಾಯಾಮದ ವಿಡಿಯೊ. ಹನ್ನೆರಡು ತಿಂಗಳ ಅವಧಿಯಲ್ಲಿ ನೋವು ಮತ್ತು ಕೈಬಳಕೆಯನ್ನು ಅಳೆದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ಎರಡೂ ಗುಂಪು ಸುಧಾರಿಸಿದ್ದವು. ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರಿಗೆ ಮೊದಲ ಎಂಟು ವಾರಗಳಲ್ಲಿ ಸ್ವಲ್ಪ ಅನುಕೂಲವಾಯಿತು, ಅದು ಉಳಿಯಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ಈ ಪ್ರಯೋಗದಲ್ಲಿ ಯಾವ ಚಿಕಿತ್ಸೆಯನ್ನೂ ಪಡೆಯದ ಗುಂಪು ಇರಲಿಲ್ಲ. ಹಾಗಾಗಿ ಸುಧಾರಣೆಯಲ್ಲಿ ವ್ಯಾಯಾಮದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಇದರಿಂದ ಹೇಳಲಾಗದು. ಇದು ಹೇಳುವುದಿಷ್ಟೆ: ಒಮ್ಮೆ ಸರಿಯಾಗಿ ಪರೀಕ್ಷಿಸಿ, ಸರಿಯಾಗಿ ಕಲಿಸಿ, ನೋಡಿಕೊಳ್ಳಲು ವಿಡಿಯೊ ಕೊಟ್ಟರೆ, ಆರು ಸಲ ಓಡಾಡಿದವರಷ್ಟೇ ಫಲ ಸಿಗಬಹುದು. ‘ಒಮ್ಮೆ ಪರೀಕ್ಷಿಸಿ’ ಎಂಬ ಮಾತನ್ನು ಮಾತ್ರ ಬಿಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 36 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೂ ಅಂತರಜಾಲ ಮತ್ತು ವಿಡಿಯೊ ಕರೆಯ ಮೂಲಕ ಇಂಥ ಚಿಕಿತ್ಸೆ ನಡೆಸಬಹುದೆಂದು ತೋರಿಸಿತು. ಅಷ್ಟು ಚಿಕ್ಕ ಪ್ರಯೋಗದಿಂದ ಯಾವುದು ಮೇಲು ಎಂದು ತೀರ್ಮಾನಿಸಲಾಗದು.

ದೂರಚಿಕಿತ್ಸೆ ನಮ್ಮ ರಾಜ್ಯಕ್ಕೆ ಹೊಸತಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಂದು ಅದಕ್ಕೆ ದೊಡ್ಡ ತಟ್ಟೆಯ ಆಂಟೆನಾ ಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ವೈದ್ಯರ ದೂರಸಮಾಲೋಚನೆಗೆ ನಿಯಮಾವಳಿ ಹೊರಡಿಸಿತು. ಮರುತಿಂಗಳು ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆ ಬಂತು. ಈಗ ಆಂಟೆನಾ ಜೇಬಿನಲ್ಲಿದೆ.

ವ್ಯಾಯಾಮದ ಮೆಟ್ಟಿಲುಗಳು

ಒಳ್ಳೆಯ ವಿಡಿಯೊ ಪಾಠದಲ್ಲಿ ಈ ಕ್ರಮವನ್ನು ನೀವು ಕಾಣುವಿರಿ.

1. ಸಡಿಲಿಕೆ: ಮೇಜು ಹಿಡಿದು ಮುಂದಕ್ಕೆ ಬಾಗಿ, ನೋಯುವ ಕೈಯನ್ನು ತೂಗಾಡಿಸುವುದು. ಮೇಜಿನ ಮೇಲೆ ಬಟ್ಟೆ ಹಾಸಿ ಅಂಗೈಯನ್ನು ಮುಂದಕ್ಕೆ ಜಾರಿಸುವುದು. ಬಾವಿಯ ರಾಟೆಯಂತೆ ಮೇಲೆ ಹಗ್ಗ ಹಾಯಿಸಿ, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಎತ್ತುವುದು.

2. ಅಲುಗದ ಒತ್ತು: ಮೊಣಕೈಯನ್ನು ಪಕ್ಕೆಗೆ ಆನಿಸಿ 90° ಮಡಿಸಿ, ಮುಂಗೈಯ ಹೊರಬದಿಯನ್ನು ಗೋಡೆಗೆ ಒತ್ತಿ ಹಿಡಿಯುವುದು. ಸ್ನಾಯು ಬಿಗಿಯುತ್ತದೆ, ಕೀಲು ಅಲುಗುವುದಿಲ್ಲ.

3. ಎಳೆತ: ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಮುಂಗೈ ಹೊರಕ್ಕೆ ತಿರುಗಿಸುತ್ತಾ ಎಳೆಯುವುದು. ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲಿನ ಸುರುಳಿ ಇಟ್ಟುಕೊಂಡರೆ, ಅದು ಬಿದ್ದಾಗ ಮೊಣಕೈ ದೂರ ಸರಿಯಿತೆಂದು ತಿಳಿಯುತ್ತದೆ.

4. ಹೆಗಲೆಲುಬಿನ ಕೆಲಸ: ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಪಟ್ಟಿಯನ್ನು ಹಿಂದಕ್ಕೆ ಎಳೆದು ಎರಡೂ ಹೆಗಲೆಲುಬುಗಳನ್ನು ಹತ್ತಿರ ತರುವುದು.

5. ಎತ್ತುವುದು: ಅರ್ಧ ಲೀಟರ್ ನೀರಿನ ಸೀಸೆಯಿಂದ ಆರಂಭಿಸಿ, ಕೈಯನ್ನು ಪಕ್ಕಕ್ಕಿಂತ ತುಸು ಮುಂದಿನ ದಿಕ್ಕಿನಲ್ಲಿ ಎತ್ತುವುದು.

ಸಾಮಾನ್ಯವಾಗಿ ಒಂದೊಂದನ್ನೂ 10ರಿಂದ 15 ಸಲದಂತೆ ಮೂರು ಸುತ್ತು ಮಾಡಿಸುತ್ತಾರೆ. ಎಷ್ಟು ನೋಯಬಹುದು? ಸೊನ್ನೆಯಿಂದ 10ರ ಅಳತೆಯಲ್ಲಿ 5ನ್ನು ಮೀರದಿರಲಿ. ಮಾರನೆಯ ದಿನದ ವ್ಯಾಯಾಮಕ್ಕೆ ಮೊದಲು ಅದು ಇಳಿದಿರಲಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ಭಾರದ ವ್ಯಾಯಾಮಗಳ ನಡುವೆ ಒಂದು ದಿನ ಬಿಡುವಿದ್ದರೆ ಲೇಸು. ಕೊಲಾಜೆನ್ನಿನ ಲೆಕ್ಕ ನೆನಪಿದೆಯಲ್ಲ? ಫಲ ಕಾಣಲು ಸುಮಾರು 12 ವಾರ ಬೇಕು. ಮೂರನೆಯ ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಬಿಟ್ಟವರೇ ಹೆಚ್ಚು. ವ್ಯಾಯಾಮ ಮಾಡಿದ ದಿನಕ್ಕೊಂದು ಗುರುತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಕುವುದು ಅಗ್ಗದ, ಉಪಯುಕ್ತ ಉಪಾಯ.

ಕ್ಯಾಮೆರಾ ಸುಳ್ಳು ಹೇಳುವುದೆಲ್ಲಿ?

ವಿಡಿಯೊ ನೋಡಿ ಮಾಡುವುದರಲ್ಲಿ ಮೂರು ತೊಡಕುಗಳಿವೆ. ಒಂದು, ಎಡಬಲದ ಗೊಂದಲ: ನಮಗೆ ಎದುರಾಗಿ ನಿಂತವರ ಬಲಗೈ ನಮ್ಮ ಎಡಕ್ಕೆ ಕಾಣುತ್ತದೆ. ಎರಡು, ಮರೆಮೋಸ: ನೋಯುವವರು ತಮಗೇ ತಿಳಿಯದೆ ಹೆಗಲನ್ನು ಕಿವಿಯತ್ತ ಕುಗ್ಗಿಸಿ, ಸೊಂಟ ವಾಲಿಸಿ ಕೈ ಎತ್ತುತ್ತಾರೆ. ವಿಡಿಯೊ ಅದನ್ನು ತಿದ್ದಲಾರದು. ಕನ್ನಡಿಯ ಮುಂದೆ ನಿಂತರೆ, ಇಲ್ಲವೆ ಮನೆಯವರೊಬ್ಬರು ನೋಡಿದರೆ ಗೊತ್ತಾಗುತ್ತದೆ. ಮೂರನೆಯದು ಕೋನದ ತಪ್ಪು. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಈಗ ಮೊಬೈಲಿನ ಕ್ಯಾಮೆರಾವೇ ದೇಹದ ಕೀಲುಗಳನ್ನು ಗುರುತಿಸಿ ಕೋನ ಹೇಳಬಲ್ಲದು. ಗೂಗಲ್ 2020ರಲ್ಲಿ ಹೊರತಂದ ಬ್ಲೇಜ್‌ಪೋಸ್ ಎಂಬ ಮಾದರಿ ದೇಹದ ಮೇಲೆ 33 ಬಿಂದುಗಳನ್ನು ಗುರುತಿಸುತ್ತದೆ. ಸೊಂಟ, ಹೆಗಲು, ಮೊಣಕೈ ಎಂಬ ಮೂರು ಬಿಂದು ಸಿಕ್ಕರೆ ಅವುಗಳ ನಡುವಿನ ಕೋನವನ್ನು ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದಲೇ ತೆಗೆಯಬಹುದು. ಆದರೆ ಚಿತ್ರ ಚಪ್ಪಟೆ, ದೇಹ ಚಪ್ಪಟೆಯಲ್ಲ. ಕೈ ಕ್ಯಾಮೆರಾದ ಕಡೆಗೆ ಸ್ವಲ್ಪ ತಿರುಗಿದ್ದರೆ ಚಪ್ಪಟೆ ಚಿತ್ರದಲ್ಲಿ ಅಳೆದ ಕೋನ ಕಡಿಮೆಯಾಗುತ್ತದೆ. ಕೈ ಸಮಾಂತರಕ್ಕಿಂತ ಕೆಳಗಿರುವಾಗಿನ ಸೂತ್ರ ಸರಳ: ಕಾಣುವ ಕೋನದ ಟ್ಯಾನ್ = ನಿಜಕೋನದ ಟ್ಯಾನ್ × ತಿರುವಿನ ಕೊಸೈನ್.

ಹೆಗಲೆಲುಬು ಪಕ್ಕೆಯ ಸಮತಲದಿಂದ ಸುಮಾರು 30° ಮುಂದಕ್ಕೆ ತಿರುಗಿ ಕುಳಿತಿದೆ. ಆ ದಿಕ್ಕಿನಲ್ಲಿ ಕೈಯನ್ನು 45° ಎತ್ತಿ, ಕ್ಯಾಮೆರಾವನ್ನು ನೇರ ಎದುರಿಗಿಟ್ಟರೆ ಚಿತ್ರದಲ್ಲಿ ಕಾಣುವುದು 41°. ಕೈ 60° ಮುಂದಕ್ಕೆ ಬಂದಿದ್ದರೆ ಕಾಣುವುದು 27° ಮಾತ್ರ. ನೇರ ಮುಂದಕ್ಕೇ ಎತ್ತಿದರೆ ಕೈ ಎದ್ದಂತೆಯೇ ಕಾಣದು! ಆದ್ದರಿಂದ ಕ್ಯಾಮೆರಾ ಕೈ ಎತ್ತುವ ಸಮತಲಕ್ಕೆ ಲಂಬವಾಗಿರಬೇಕು, ಹೆಗಲಿನ ಎತ್ತರದಲ್ಲಿರಬೇಕು, ಇಡೀ ದೇಹ ಚೌಕಟ್ಟಿನಲ್ಲಿ ಬರುವಷ್ಟು ದೂರದಲ್ಲಿರಬೇಕು.

ತರಗತಿಗೆ ಎರಡು ಪ್ರಯೋಗ

ಒಂದು: ವಿದ್ಯಾರ್ಥಿಯೊಬ್ಬ 45° ಕೈ ಎತ್ತಿ ನಿಲ್ಲಲಿ. ಎದುರಿನಿಂದ, 30° ಪಕ್ಕದಿಂದ, 60° ಪಕ್ಕದಿಂದ ಚಿತ್ರ ತೆಗೆದು ಪರದೆಯ ಮೇಲೆ ಕೋನಮಾಪಕ ಇಟ್ಟು ಅಳೆಯಿರಿ. ಮೇಲಿನ ಸೂತ್ರದೊಂದಿಗೆ ಹೋಲಿಸಿ.

ಎರಡು: ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಮೀಟರ್ ಉದ್ದದ ಪಟ್ಟಿ ಕತ್ತರಿಸಿ, ಮೇಲಿನಿಂದ ತೂಗುಹಾಕಿ. ಕೆಳತುದಿಗೆ ಅರ್ಧ, ಒಂದು, ಒಂದೂವರೆ, ಎರಡು ಲೀಟರ್ ನೀರಿನ ಸೀಸೆ ಕಟ್ಟುತ್ತಾ ಎಷ್ಟೆಷ್ಟು ಉದ್ದವಾಯಿತೆಂದು ಬರೆದು ನಕ್ಷೆ ಎಳೆಯಿರಿ. ಗೆರೆ ನೇರವಾಗಿದೆಯೆ? ರಬ್ಬರ್ ಹೂಕನ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ ಎಂಬುದು ನಿಮಗೇ ಕಾಣುತ್ತದೆ. ಈ ನಕ್ಷೆ ಇದ್ದರೆ, ಪಟ್ಟಿಯನ್ನು 20 ಸೆಂ.ಮೀ. ಎಳೆದಾಗ ಹೆಗಲಿಗೆ ಎಷ್ಟು ಭಾರ ಬಿತ್ತೆಂದು ಹೇಳಬಹುದು. ಬಿರುಕು ಬಿಟ್ಟ ಟ್ಯೂಬನ್ನು ಬಳಸಬೇಡಿ, ಮುಖಕ್ಕೆ ಹೊಡೆದೀತು.

ವಿಡಿಯೊ ಬದಿಗಿಟ್ಟು ವೈದ್ಯರಲ್ಲಿಗೆ

ಕೆಲವು ಲಕ್ಷಣಗಳಿದ್ದರೆ ವ್ಯಾಯಾಮಕ್ಕೆ ಕೈ ಹಾಕಬಾರದು. ಬಿದ್ದ ಅಥವಾ ಪೆಟ್ಟಾದ ಕೂಡಲೇ ಕೈ ಎತ್ತಲಾಗದಿದ್ದರೆ ತಡಮಾಡದೆ ತೋರಿಸಬೇಕು. ಹಠಾತ್ತನೆ ಹರಿದದ್ದಕ್ಕೆ ಬೇಗ ಹೊಲಿಗೆ ಬೇಕಾಗಬಹುದು. ಜ್ವರದೊಂದಿಗೆ ಹೆಗಲು ಕೆಂಪೇರಿ ಬಿಸಿಯಾಗಿದ್ದರೆ, ಗಂಟು ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಕೈ ಜೋಮು ಹಿಡಿದು ಸೋತರೆ ಕೂಡ ಹಾಗೆಯೇ. ಎಡಹೆಗಲಿನ ನೋವಿನ ಜೊತೆ ಎದೆ ಹಿಂಡಿ, ಬೆವರಿ, ಉಸಿರು ಕಟ್ಟಿದರೆ ಅದು ಹೃದಯದ ಕರೆ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಎಲ್ಲ ದಿಕ್ಕಿಗೂ ಬಿಗಿದುಕೊಳ್ಳುವ ತೊಂದರೆ ಹೆಚ್ಚು. ಬೇರೊಬ್ಬರು ಎತ್ತಿದರೂ ಕೈ ಏಳುವುದಿಲ್ಲ. ಅದಕ್ಕೆ ಬೇರೆಯದೇ ಕ್ರಮವಿದೆ.

ಕೊನೆಯದಾಗಿ, ಈ ಲೇಖನ ಓದುವ ಶಿಕ್ಷಕರಿಗೊಂದು ಮಾತು. ಅಂತರಜಾಲದಲ್ಲಿ ಹೆಗಲಿನ ವ್ಯಾಯಾಮದ ವಿಡಿಯೊಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಕಾಣುವುದು ಹೆಚ್ಚಾಗಿ ಜಿಮ್ಮಿನ ಉಪಕರಣ ಮತ್ತು ಹುರಿಗಟ್ಟಿದ ಮೈ. ಹುಳುಮನೆಯಲ್ಲಿ ದುಡಿಯುವ ಐವತ್ತರ ಹೆಣ್ಣುಮಗಳು ಅದನ್ನು ನೋಡಿ ‘ಇದು ನಮಗಲ್ಲ’ ಎಂದುಕೊಂಡರೆ ಆಶ್ಚರ್ಯವಿಲ್ಲ. ನಿಮ್ಮ ಶಾಲೆಯ ವಿಜ್ಞಾನ ಸಂಘ ಹತ್ತಿರದ ಫಿಸಿಯೋಥೆರಪಿಸ್ಟರೊಬ್ಬರನ್ನು ಕರೆದು, ಟವೆಲು, ಸೈಕಲ್ ಟ್ಯೂಬು, ನೀರಿನ ಸೀಸೆಗಳಲ್ಲೇ, ಊರಿನ ಮಾತಿನಲ್ಲೇ ಎರಡೆರಡು ನಿಮಿಷದ ಐದು ವಿಡಿಯೊ ಮಾಡಬಹುದಲ್ಲವೆ? ತಪ್ಪಾಗಿ ಮಾಡುವ ಬಗೆಯನ್ನೂ ಅದರಲ್ಲಿ ತೋರಿಸಿ. ನಾಲ್ಕನೆಯ ಜ್ವರ ಎದ್ದ ಹುಳುವಿನ ಮನೆಗೆ ರಜೆಯಿಲ್ಲ. ಅಲ್ಲಿಯವರಿಗೆ ವಾರದಲ್ಲಿ ಮೂರು ದಿನ ಬೆಂಗಳೂರಿಗೆ ಹೋಗಲಾಗದು. ಸೊಪ್ಪು ಹಾಕುವ ಎರಡು ಸರದಿಗಳ ನಡುವೆ ಹತ್ತು ನಿಮಿಷ ಮಾತ್ರ ಸಿಕ್ಕೀತು. ಆ ಹತ್ತು ನಿಮಿಷಕ್ಕೆ ಹೊಂದುವ ಚಿಕಿತ್ಸೆಯೇ ಅವರ ಹೆಗಲನ್ನು ಉಳಿಸುವ ಚಿಕಿತ್ಸೆ.